ಮೆಕ್ಕೆಜೋಳದ ಜಗಳಕ್ಕೆ ಸಿಂಗಾಪುರ ಬೇಕಾ?

ದಾವಣಗೆರೆಯಿಂದ ಹೊರದೇಶಕ್ಕೆ ಮೆಕ್ಕೆಜೋಳ ಕಳಿಸುವವರ ಕರಾರಿನ ಕೊನೇ ಪುಟದಲ್ಲಿ ಒಂದು ಸಾಲು ಇರಬಹುದು: ತಕರಾರು ಬಂದರೆ ಸಿಂಗಾಪುರದಲ್ಲಿ ಮಧ್ಯಸ್ಥಿಕೆ. ಅಂದರೆ ಕೋರ್ಟಿನ ಬದಲು ಮಧ್ಯಸ್ಥರು ಕೊಡುವ ತೀರ್ಪಿಗೆ ಎರಡೂ ಕಡೆಯವರು ತಲೆಬಾಗಬೇಕು. ದರ, ತೇವಾಂಶ, ಲೋಡಿಂಗ್ ತಾರೀಖನ್ನು ಎರಡೆರಡು ಸಲ ನೋಡುವವರೂ ಇದಕ್ಕೆ ಸುಮ್ನೆ ಸಹಿ ಹಾಕಿಬಿಡುತ್ತಾರೆ. ಹಾಕಬೇಕಾ?

ಪರ: ಹಾಕಲಿ

ಕೇಸು ಗೆದ್ದ ಮಾತ್ರಕ್ಕೆ ದುಡ್ಡು ಕೈಗೆ ಬರುವುದಿಲ್ಲ. ವಿಯೆಟ್ನಾಂನ ಖರೀದಿದಾರ ಬಾಕಿ ಉಳಿಸಿಕೊಂಡ ಅಂದುಕೊಳ್ಳಿ. ದಾವಣಗೆರೆಯಲ್ಲಿ ಡಿಕ್ರಿ ಸಿಕ್ಕರೂ ಅವನ ಗೋದಾಮು, ಬ್ಯಾಂಕ್ ಖಾತೆ ಎಲ್ಲ ಇರುವುದು ಅಲ್ಲಿ. ಮಧ್ಯಸ್ಥಿಕೆಯ ತೀರ್ಪಾದರೆ ಅದರ ಬೆನ್ನಿಗೆ 1958ರ ನ್ಯೂಯಾರ್ಕ್ ಒಪ್ಪಂದ ಇದೆ, ಹೊರದೇಶದ ಮಧ್ಯಸ್ಥಿಕೆ ತೀರ್ಪನ್ನು ಜಾರಿ ಮಾಡಲು ದೇಶಗಳು ಮಾಡಿಕೊಂಡದ್ದು. 170ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಭಾರತ, ಸಿಂಗಾಪುರ, ಚೀನಾ, ವಿಯೆಟ್ನಾಂ ಎಲ್ಲವೂ. ಖರೀದಿದಾರನ ದೇಶದ ಕೋರ್ಟು ಕೇಸನ್ನು ಮೊದಲಿಂದ ಕೇಳುವ ಹಾಗಿಲ್ಲ. ನೋಟಿಸ್ ಮುಟ್ಟಿಲ್ಲ, ಮಧ್ಯಸ್ಥಿಕೆಯ ಕರಾರೇ ಸಿಂಧುವಲ್ಲ ಅನ್ನುವಂಥ ಕೆಲವೇ ಕಾರಣಕ್ಕೆ ತಳ್ಳಿಹಾಕಬಹುದು.

ಖರ್ಚಿನ ಭಯವೂ ಈಗ ಮೊದಲಿನಷ್ಟಿಲ್ಲ. ಸಿಂಗಾಪುರ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಕೇಂದ್ರ 2025ರ ಜನವರಿಯಿಂದ ಹೊಸ ನಿಯಮ ತಂದಿದೆ. 10 ಲಕ್ಷ ಸಿಂಗಾಪುರ ಡಾಲರ್‌ವರೆಗಿನ ತಕರಾರಿಗೆ ಒಬ್ಬರೇ ಮಧ್ಯಸ್ಥರು, 3 ತಿಂಗಳಲ್ಲಿ ತೀರ್ಪು. ಸಾಮಾನ್ಯವಾಗಿ ಕಾಗದಪತ್ರ ನೋಡಿಯೇ ಮುಗಿಸುತ್ತಾರೆ, ವಿಮಾನ ಹತ್ತುವ ಗೋಜಿಲ್ಲ.

ವಿರೋಧ: ಬೇಡ

ನಿಜವಾದ ಜಗಳ ಹೇಗಿರುತ್ತದೆ ನೋಡಿ. ಎಪಿಎಂಸಿ ಯಾರ್ಡಿನಲ್ಲಿ ತೇವಾಂಶದ ಮೀಟರ್ ಶೇ. 13 ತೋರಿಸಿದ ಕಾಳು, ಕಂಟೇನರ್ ಒಳಗೆ ಬೆವೆತು, ಆ ಕಡೆ ಇಳಿಯುವ ಹೊತ್ತಿಗೆ ಮುಗ್ಗಲು ವಾಸನೆ. ಖರೀದಿದಾರ ವಾಟ್ಸಾಪಿನಲ್ಲಿ ಬೂಷ್ಟು ಹಿಡಿದ ಕಾಳಿನ ಫೋಟೋ ಕಳಿಸಿ ಎಂಟು ಲಕ್ಷ ಹಿಡಿದುಕೊಳ್ಳುತ್ತಾನೆ. ಎಂಟು ಲಕ್ಷಕ್ಕೆ ಸಿಂಗಾಪುರದ ವಕೀಲರೇ? ಮೂಗಿಗಿಂತ ಮೂಗುತಿ ಭಾರ. ಅವನಿಗೂ ಇದು ಗೊತ್ತು, ಅದಕ್ಕೇ ಧೈರ್ಯವಾಗಿ ಹಿಡಿಯುವುದು. ಇನ್ನು ವಿಯೆಟ್ನಾಂ ಕೋರ್ಟುಗಳು ‘ನಮ್ಮ ಕಾನೂನಿನ ಮೂಲ ತತ್ವಕ್ಕೆ ವಿರುದ್ಧ’ ಎಂದು ಹೊರಗಿನ ತೀರ್ಪನ್ನು ತಳ್ಳಿದ್ದೂ ಉಂಟು.

ಎಲ್ಲ ದೇಶಕ್ಕೂ ಈ ಸಾಲು ಬೇಕಾಗಿಯೂ ಇಲ್ಲ. ಹೊರದೇಶದ ಕೋರ್ಟಿನ ಡಿಕ್ರಿಯನ್ನು ಜಾರಿ ಮಾಡುವ ಮಲೇಷ್ಯಾದ 1958ರ ಕಾಯ್ದೆಯ ಪಟ್ಟಿಯಲ್ಲಿ ಭಾರತ ಇದೆ. ಕರಾರಿನಲ್ಲಿ ದಾವಣಗೆರೆ ಕೋರ್ಟ್ ಎಂದು ಬರೆಸಿದ್ದರೆ, ಇಲ್ಲಿನ ಜಿಲ್ಲಾ ಕೋರ್ಟಿನ ಹಣದ ಡಿಕ್ರಿಯನ್ನು ಅಲ್ಲಿ ನೋಂದಾಯಿಸಿ ವಸೂಲಿಗೆ ಇಳಿಯಬಹುದು. ಅಲ್ಲಿನ ಡಿಕ್ರಿಗೂ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಲ್ಲಿ ಅದೇ ಮರ್ಯಾದೆ.

ಇನ್ನು ಸಿಂಗಾಪುರದಲ್ಲಿ ಕೇಸು ಹಾಕಿದವನು ಖರೀದಿದಾರನೇ ಆದರೆ? ಸಿಂಗಾಪುರದ ನೋಟಿಸನ್ನು ಅಂಗಡಿಯ ಹುಡುಗ ಯಾವುದೋ ಜಾಹೀರಾತು ಅಂತ ಡ್ರಾಯರಿಗೆ ತುರುಕಿದರೆ ತೀರ್ಪು ನಿಮ್ಮ ಗೈರಿನಲ್ಲೇ ಬರುತ್ತದೆ. ನಮ್ಮ ಮಧ್ಯಸ್ಥಿಕೆ ಕಾಯ್ದೆಗೆ 2015ರ ತಿದ್ದುಪಡಿ ಆದಮೇಲೆ ಅದರ ಜಾರಿ ನೇರ ಹೈಕೋರ್ಟಿನಲ್ಲಿ. ಮೇಲೆ ಹೊಗಳಿದ ಆ ‘ಕೆಲವೇ ಕಾರಣ’ ಆಗ ನಿಮ್ಮ ಕೈಯನ್ನೇ ಕಟ್ಟುತ್ತದೆ.

ನನ್ನ ಕೇಳಿದರೆ, ಸಣ್ಣ ಲೋಡಿನವರ ಮಟ್ಟಿಗೆ ತೂಕ ಈ ಕಡೆಗೇ ಜಾಸ್ತಿ. ಅವರು ಬೇರೆ ಎರಡು ಸಾಲು ಬರೆಸಿಕೊಳ್ಳಲಿ: ಹಣ ಬ್ಯಾಂಕಿನ ಎಲ್.ಸಿ. (ದಾಖಲೆ ಸರಿಯಿದ್ದರೆ ಹಣ ಕೊಡುತ್ತೇನೆ ಎಂಬ ಬ್ಯಾಂಕಿನ ಭರವಸೆ ಪತ್ರ) ಮೂಲಕ, ಲೋಡಿಂಗ್ ವೇಳೆಯ ಗುಣಮಟ್ಟದ ಸರ್ಟಿಫಿಕೇಟೇ ಅಂತಿಮ. ಎರಡನೆಯದಕ್ಕೆ ಖರೀದಿದಾರ ಸುಲಭಕ್ಕೆ ಒಪ್ಪುವುದಿಲ್ಲ. ಕ್ವಿಂಟಲಿಗೆ ಐದೋ ಹತ್ತೋ ರೂಪಾಯಿ ಬಿಟ್ಟಾದರೂ ಒಪ್ಪಿಸಬೇಕು.