ಬಾಗಿಲು ತೆರೆದೇ ಇತ್ತು, ಒಳಗೆ ಹೋಗಬಹುದೆಂದು ಗೊತ್ತಿರಲಿಲ್ಲ

ಕಾಲೇಜಿನ ಮೊದಲ ವರ್ಷ ಮುಗಿದು ಹದಿನೈದು ದಿನಗಳಾದವು. ಫಲಿತಾಂಶ ಬರುವ ಮೊದಲೇ ಇದನ್ನು ಬರೆದುಬಿಡಬೇಕೆಂದು ನಿರ್ಧರಿಸಿದ್ದೆ, ಏಕೆಂದರೆ ಅಂಕ ಚೆನ್ನಾಗಿ ಬಂದರೆ ಬರಹಕ್ಕೆ ಬುದ್ಧಿ ಹೇಳುವವರ ಧಾಟಿ ಬರುತ್ತದೆ, ಕಡಿಮೆಯಾದರೆ ನೆಪ ಹೇಳುವವರ ಧಾಟಿ. ಹೊಸ ವಿದ್ಯಾರ್ಥಿಗೆ ಬೇಕಾದ ನೆರವು ಬಹುಪಾಲು ಕಾಲೇಜುಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಕೇಳಿ ಪಡೆಯುವುದು ಹೇಗೆಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡದೆ ಇದ್ದುದನ್ನು ತಿಳಿಯದವರಿಗೆ ಸೋಮಾರಿಗಳೆಂದೂ ಮುಂದೆ ಬಾರದ ಸ್ವಭಾವದವರೆಂದೂ ಹೆಸರಿಡುವುದು ಅನ್ಯಾಯವೆಂಬುದು ನನ್ನ ತಕರಾರು.

ಮೊದಲ ದಿನದ ಓರಿಯೆಂಟೇಶನ್‌ನಲ್ಲಿ ಎರಡು ಗಂಟೆಗಳ ಕಾಲ ಒಂದರ ಹಿಂದೊಂದು ಸ್ಲೈಡುಗಳು ಬಂದವು. ಗ್ರಂಥಾಲಯ, ಬರವಣಿಗೆ ಕೇಂದ್ರ, ಆಪ್ತ ಸಮಾಲೋಚನೆ, ವಿದ್ಯಾರ್ಥಿವೇತನ ವಿಭಾಗ, ಮೆಂಟರ್ ವ್ಯವಸ್ಥೆ ಎಲ್ಲವೂ ಅದರಲ್ಲಿದ್ದವು. ಹಾಗಾಗಿ ನಮಗೆ ತಿಳಿಸಲಿಲ್ಲವೆಂದು ದೂರುವಂತಿಲ್ಲ. ಆದರೆ ಇನ್ನೂ ಹಾದಿಯೇ ಹಿಡಿಯದವರಿಗೆ ಹಾದಿ ತಪ್ಪಿದಾಗ ಎಲ್ಲಿಗೆ ಬರಬೇಕೆಂದು ಹೇಳಿದರೆ ಅದು ತಲೆಯಲ್ಲಿ ನಿಲ್ಲುವುದು ಕಷ್ಟ. ಅಂದು ನನ್ನ ಚಿಂತೆಯೆಲ್ಲ ಮರುದಿನ ಯಾರ ಪಕ್ಕದಲ್ಲಿ ಕುಳಿತುಕೊಳ್ಳುವುದು ಎಂಬುದರ ಸುತ್ತಲೇ ಇತ್ತು.

ಮೊದಲ ಪೆಟ್ಟು ಬಿದ್ದದ್ದು ಆರನೆಯ ವಾರದಲ್ಲಿ. ಮೂರು ರಾತ್ರಿ ಕುಳಿತು ಬರೆದ ಅಸೈನ್‌ಮೆಂಟ್ 25ಕ್ಕೆ 11 ಅಂಕ ಹೊತ್ತು ಮರಳಿತು. ಅಂಚಿನಲ್ಲಿ ಪೆನ್ಸಿಲಿನಿಂದ ‘ನಿಮ್ಮ ವಾದ ಎಲ್ಲಿದೆ?’ ಎಂದು ಮೂರು ಕಡೆ ಬರೆದಿತ್ತು. ಪ್ರಶ್ನೆ ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂದಿದ್ದರೆ, ನಾನು ಬರೆದದ್ದು ‘ವಿವರಿಸಿ’ ಎಂಬ ಪ್ರಶ್ನೆಗೆ ಒಪ್ಪುವ ಉತ್ತರ. ಅಲ್ಲಿಯವರೆಗೆ ಈ ಕ್ರಿಯಾಪದಗಳೆಲ್ಲ ನನಗೆ ಒಂದೇ ಆಗಿದ್ದವು. ಗೊತ್ತಿರುವುದನ್ನೆಲ್ಲ ಬರೆಯಿರಿ ಎಂಬುದಕ್ಕೆ ಬೇರೆ ಬೇರೆ ವೇಷಗಳು, ಅಷ್ಟೇ. ‘ವಿವರಿಸಿ’ ಎಂದರೆ ಸಂಗತಿ ಹೇಗೆ ನಡೆಯುತ್ತದೆಂದು ತೋರಿಸಬೇಕು, ‘ಹೋಲಿಸಿ’ ಎಂದರೆ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು, ‘ವಿಮರ್ಶಿಸಿ’ ಎಂದರೆ ಒಂದು ನಿಲುವು ತಳೆದು, ಅದಕ್ಕೆ ಬರಬಹುದಾದ ಬಲವಾದ ಆಕ್ಷೇಪವನ್ನು ತಾನೇ ಎತ್ತಿ ಉತ್ತರಿಸಬೇಕು. ಹನ್ನೆರಡು ವರ್ಷ ಶಾಲೆಯಲ್ಲಿ ಕುಳಿತವರಿಗೆ ಈ ವ್ಯತ್ಯಾಸ ತಾನಾಗಿ ಹೊಳೆಯಬೇಕೆಂದು ಯಾರು ನಿರೀಕ್ಷಿಸಿದರೋ ತಿಳಿಯದು. ಶಾಲೆಯಲ್ಲಂತೂ ಸ್ವಂತ ಅಭಿಪ್ರಾಯ ಬರೆದಾಗ ಅಂಕ ಕಳೆದದ್ದೇ ಹೆಚ್ಚು.

ಸೋಜಿಗವೆಂದರೆ ಇದೆಲ್ಲವೂ ಬರಹದಲ್ಲೇ ಇತ್ತು. ಸಿಲಬಸ್ ಎಂದು ಮೊದಲ ವಾರ ಕಳುಹಿಸಿದ ಒಂಬತ್ತು ಪುಟಗಳ ಪಿಡಿಎಫ್ ಅನ್ನು ಪಾಠಗಳ ಪಟ್ಟಿ ಇರಬಹುದೆಂದು ಫೋನಿನಲ್ಲಿ ಇಟ್ಟುಕೊಂಡು ಮರೆತಿದ್ದೆ. 11 ಅಂಕ ಬಂದ ರಾತ್ರಿ ತೆರೆದು ನೋಡಿದರೆ ಯಾವ ಬರಹಕ್ಕೆ ಎಷ್ಟು ಅಂಕ, ಯಾವ ಮಾನದಂಡದ ಮೇಲೆ ತಿದ್ದುತ್ತಾರೆ, ತಡವಾಗಿ ಸಲ್ಲಿಸಿದರೆ ಏನು, ಕೋರ್ಸ್ ಕೈಬಿಡಲು ಕೊನೆಯ ದಿನ ಯಾವುದು, ಅಧ್ಯಾಪಕರು ತಮ್ಮ ಕೊಠಡಿಯಲ್ಲಿ ವಿದ್ಯಾರ್ಥಿಗಳಿಗೆಂದೇ ಯಾವ ಹೊತ್ತಿನಲ್ಲಿ ಇರುತ್ತಾರೆ ಎಂಬುದೆಲ್ಲ ಅದರಲ್ಲಿತ್ತು. ಹಕ್ಕು, ಹೊಣೆ ಎರಡನ್ನೂ ಬರೆದಿಟ್ಟ ಕರಾರುಪತ್ರದಂಥ ಆ ಕಾಗದವನ್ನು ನಾನು ಓದಲಿಲ್ಲ, ಓದಬೇಕಾದದ್ದು ಎಂದು ಅವರೂ ಹೇಳಲಿಲ್ಲ. ನನ್ನ ಗೆಳತಿಯೊಬ್ಬಳು ಕೋರ್ಸ್ ಕೈಬಿಡುವ ಗಡುವು ಮುಗಿದ ನಾಲ್ಕನೆಯ ದಿನ ಕಚೇರಿಗೆ ಹೋಗಿ ನಿಂತಳು. ಅವಳ ಅಂಕಪಟ್ಟಿಯಲ್ಲಿ ‘ಅನುತ್ತೀರ್ಣ’ ಎಂಬ ಪದ ಉಳಿದದ್ದು ಆ ನಾಲ್ಕು ದಿನಗಳಿಂದಾಗಿ.

ಕ್ರೆಡಿಟ್ ಎಂಬ ಪದದ ಕತೆಯೂ ಹೀಗೆಯೇ. ವಾರಕ್ಕೆ ಹದಿನೈದು ಗಂಟೆ ತರಗತಿ ಇದೆಯೆಂದರೆ ಉಳಿದದ್ದು ಬಿಡುವೆಂದು ನಾನು ನಂಬಿದ್ದೆ. ಅಮೆರಿಕದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ತರಗತಿ, ಹೊರಗೆ ಕನಿಷ್ಠ ಎರಡು ಗಂಟೆ ಓದು. ಹದಿನೈದು ಕ್ರೆಡಿಟ್ ತೆಗೆದುಕೊಂಡವರಿಗೆ ವಾರಕ್ಕೆ 45 ಗಂಟೆಗಳ ಕೆಲಸ. ಯುರೋಪಿನ ಕಾಲೇಜುಗಳ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೂ 25ರಿಂದ 30 ಗಂಟೆ, ಒಟ್ಟು 1500ರಿಂದ 1800 ಗಂಟೆ. ಎರಡು ಕಡೆಯೂ ಲೆಕ್ಕದ ತಿರುಳು ಒಂದೇ, ತರಗತಿಯ ಹೊರಗಿನ ಓದೂ ಕೋರ್ಸಿನ ಭಾಗ. ಈ ಲೆಕ್ಕವನ್ನು ಮೊದಲ ದಿನವೇ ಕಪ್ಪುಹಲಗೆಯ ಮೇಲೆ ಬರೆದು ತೋರಿಸಲು ಐದು ನಿಮಿಷ ಸಾಕಿತ್ತು.

ಅಧ್ಯಾಪಕರ ಕೊಠಡಿಯ ಬಾಗಿಲಿನವರೆಗೆ ಎರಡು ಸಲ ಹೋಗಿ ಹಿಂದಿರುಗಿದೆ. ಬಾಗಿಲು ತೆರೆದೇ ಇರುತ್ತಿತ್ತು. ಮೇಡಂ ಏನನ್ನೋ ಓದುತ್ತಿದ್ದರು, ತೊಂದರೆ ಕೊಟ್ಟಂತಾಗುತ್ತದೆಂದು ಸುಮ್ಮನಾದೆ. ಮೂರನೆಯ ಸಲ ಅವರೇ ತಲೆಯೆತ್ತಿ, ‘ಬನ್ನಿ, ಈ ಹೊತ್ತು ನಿಮಗಾಗಿಯೇ ಇಟ್ಟಿರುವುದು’ ಎಂದರು. ನಾನು ಎಲ್ಲರೂ ಹೇಳುವ ಮಾತನ್ನೇ ಹೇಳಿದೆ, ‘ಏನೂ ಅರ್ಥವಾಗಿಲ್ಲ ಮೇಡಂ.’ ಅವರು ನನ್ನ ನೋಟ್ಸ್ ತೆಗೆಸಿ, ಯಾವ ಸಾಲಿನವರೆಗೆ ಅರ್ಥವಾಗಿದೆಯೋ ಅಲ್ಲಿ ಬೆರಳಿಡಿ ಎಂದರು. ಬೆರಳಿಡುತ್ತಾ ಹೋದಂತೆ ‘ಏನೂ’ ಎಂಬುದು ಕರಗಿ, ಎರಡನೆಯ ಪುಟದ ಒಂದೇ ಒಂದು ಹೆಜ್ಜೆ ಉಳಿಯಿತು. ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಅಂದಿನಿಂದ ಎಲ್ಲಿಗೆ ಹೋಗುವಾಗಲೂ ಇಲ್ಲಿಯವರೆಗೆ ಬಂದೆ, ಇಲ್ಲಿ ಸಿಕ್ಕಿಕೊಂಡೆ ಎಂದು ಬರೆದಿಟ್ಟುಕೊಂಡೇ ಹೋಗುತ್ತೇನೆ. ಅರ್ಧದಷ್ಟು ಸಲ ಬರೆಯುವಾಗಲೇ ಉತ್ತರ ಸಿಕ್ಕಿ, ಹೋಗುವ ಅಗತ್ಯವೇ ಬೀಳುವುದಿಲ್ಲ.

ಗ್ರಂಥಾಲಯದಲ್ಲಿ ನನಗೆ ಆದ ಮುಖಭಂಗವನ್ನೂ ಹೇಳಿಬಿಡುತ್ತೇನೆ. ಸಂಖ್ಯಾಶಾಸ್ತ್ರದ ಒಂದು ಪುಸ್ತಕದ ಕಾಲ್ ನಂಬರ್, ಎಂದರೆ ಕಪಾಟಿನಲ್ಲಿ ಅದರ ಜಾಗ ಹೇಳುವ ಸಂಖ್ಯೆ, 519.53 ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, 519.6ರ ಆಚೆ ಹುಡುಕಿ, ಆರರ ನಂತರವಲ್ಲವೇ ಐವತ್ಮೂರು ಬರಬೇಕು ಎಂದುಕೊಂಡು, ಅರ್ಧ ಗಂಟೆಯ ಮೇಲೆ ಪುಸ್ತಕ ಕಳೆದುಹೋಗಿದೆ ಎಂದು ಕೌಂಟರಿನಲ್ಲಿ ದೂರು ಕೊಟ್ಟೆ. ಸಂಖ್ಯಾಶಾಸ್ತ್ರ ಓದುವ ಜೀವಕ್ಕೆ ದಶಮಾಂಶ ತಿಳಿಯಲಿಲ್ಲ! ಲೈಬ್ರರಿಯನ್ ನಗಲಿಲ್ಲ. ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ, ಬಿಂದುವಿನ ಆಚೆಯದನ್ನು ಒಂದೊಂದೇ ಅಂಕಿಯಾಗಿ ಓದಿ ಎಂದರು. 5 ಎಂಬುದು 6ಕ್ಕಿಂತ ಮೊದಲು, ಅಷ್ಟೇ. 1876ರಲ್ಲಿ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ಈ ಕ್ರಮದಲ್ಲಿ ಒಂದೇ ವಿಷಯದ ಪುಸ್ತಕಗಳು ನೆರೆಹೊರೆಯಲ್ಲಿ ನಿಲ್ಲುವುದರಿಂದ, ಹುಡುಕಿದ ಪುಸ್ತಕಕ್ಕಿಂತ ಅದರ ಪಕ್ಕದ್ದು ಉಪಯೋಗಕ್ಕೆ ಬಂದದ್ದೇ ನನಗೆ ಹೆಚ್ಚು. ಬಳಿಕ ಅವರು, ಏತಕ್ಕಾಗಿ ಬೇಕು ಎಂದು ವಿಚಾರಿಸಿ, ಮನೆಯಿಂದಲೇ ಕಾಲೇಜಿನ ಲಾಗಿನ್‌ನಲ್ಲಿ ಜರ್ನಲ್ಲುಗಳನ್ನು ತೆರೆಯುವುದನ್ನೂ, ಇಲ್ಲಿ ಇಲ್ಲದ ಪುಸ್ತಕವನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಳ್ಳುವುದನ್ನೂ ತೋರಿಸಿದರು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಗ್ರಂಥಾಲಯದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆನ್ನುತ್ತದೆ. ಆ ಸೂತ್ರ ನಡೆದಾಡುವುದನ್ನು ನಾನು ಕಂಡದ್ದು ಆ ಕೌಂಟರಿನ ಹಿಂದೆ.

ಓದುವ ಕ್ರಮವನ್ನೂ ಬದಲಿಸಬೇಕಾಯಿತು. ಪುಟದ ತುಂಬ ಹಳದಿ ಬಣ್ಣ ಬಳಿದು ಮತ್ತೆ ಮತ್ತೆ ಓದುತ್ತಿದ್ದ ನನಗೆ, ಪುಸ್ತಕ ಮುಚ್ಚಿ ನೆನಪಿರುವುದನ್ನು ಬರೆ ಎಂದು ಸೀನಿಯರ್ ಒಬ್ಬರು ಹೇಳಿದಾಗ ಹಿಡಿಸಿರಲಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷಗಳ ನಂತರ ಕೇಳಿದಾಗ ಮರು ಓದಿದವರೇ ಮುಂದಿದ್ದರು, ಒಂದು ವಾರದ ನಂತರ ಕೇಳಿದಾಗ ತಮ್ಮನ್ನು ತಾವು ಪರೀಕ್ಷಿಸಿಕೊಂಡವರು. ಹಿಂದಿನ ರಾತ್ರಿಯ ಓದು ಬೆಳಿಗ್ಗೆ ಹಸಿರಾಗಿ ಕಂಡು ಮುಂದಿನ ಸೆಮಿಸ್ಟರ್‌ಗೆ ಏಕೆ ಒಣಗಿರುತ್ತದೆಂಬುದು ಆಗ ತಿಳಿಯಿತು.

ಪಠ್ಯದಲ್ಲಿ ಬರೆಯದೆ ಸಂಸ್ಥೆ ಕಲಿಸುವ, ಬಯಸುವ ನಡವಳಿಕೆಯನ್ನು 1968ರಲ್ಲಿ ಅಮೆರಿಕದ ಶಿಕ್ಷಣತಜ್ಞ ಫಿಲಿಪ್ ಜಾಕ್ಸನ್ ಹಿಡನ್ ಕರಿಕ್ಯುಲಮ್, ಎಂದರೆ ಮರೆಯಲ್ಲಿರುವ ಪಠ್ಯಕ್ರಮ, ಎಂದು ಕರೆದರು. ಅವರು ನೋಡಿದ್ದು ಶಾಲಾ ತರಗತಿಗಳನ್ನು, ಆದರೆ ಕಾಲೇಜಿಗೆ ಅದು ಇನ್ನಷ್ಟು ಒಪ್ಪುತ್ತದೆ. ಮನೆಯಲ್ಲಿ ಪದವಿ ಪಡೆದ ಅಪ್ಪನೋ ಅಕ್ಕನೋ ಇದ್ದವರಿಗೆ, ಹೋಗಿ ಕೇಳು, ಅವರೇನೂ ಅಂದುಕೊಳ್ಳುವುದಿಲ್ಲ ಎಂಬ ಮಾತು ಕಾಲೇಜಿಗೆ ಬಂದ ಮೊದಲ ವಾರವೇ ಸಿಕ್ಕಿರುತ್ತದೆ. ಉಳಿದವರಿಗೆ ಅದು 11 ಅಂಕದ ಬೆಲೆ ತೆತ್ತ ಮೇಲೆ ಸಿಗುತ್ತದೆ, ಅಥವಾ ಸಿಗುವುದೇ ಇಲ್ಲ. ಕೇಳುವುದು ಧೈರ್ಯದ ಪ್ರಶ್ನೆಯೆಂದು ಭಾಷಣಗಳಲ್ಲಿ ಹೇಳುತ್ತಾರೆ. ನನ್ನ ಧೈರ್ಯ ಈ ವರ್ಷ ಒಂದಿಂಚೂ ಬೆಳೆದಿಲ್ಲ, ಮಾಹಿತಿ ಮಾತ್ರ ಬೆಳೆದಿದೆ.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು: ಓರಿಯೆಂಟೇಶನ್‌ನ ಆ ಎರಡು ಗಂಟೆಗಳಲ್ಲಿ ಒಂದನ್ನು ಮೊದಲ ಅಸೈನ್‌ಮೆಂಟ್ ಮರಳಿ ಬಂದ ವಾರಕ್ಕೆ ಮುಂದೂಡಿ, ಸಿಲಬಸ್ಸನ್ನು ಅಂದು ತರಗತಿಯಲ್ಲೇ ಓದಿಸಿ, ಪ್ರತಿಯೊಬ್ಬರೂ ಒಮ್ಮೆಯಾದರೂ ಅಧ್ಯಾಪಕರ ಕೊಠಡಿಗೆ ಹತ್ತು ನಿಮಿಷ ಹೋಗಿಬರುವುದನ್ನು ಕಡ್ಡಾಯ ಮಾಡಲಿ. ಕಡ್ಡಾಯವಾದರೆ ಸಂಕೋಚಕ್ಕೆ ಎಡೆಯಿರುವುದಿಲ್ಲ. ಅಧ್ಯಾಪಕರ ಮೇಲೆ ಹೊರೆ ಹೆಚ್ಚುತ್ತದೆಂಬುದು ನಿಜ, ನೂರಿಪ್ಪತ್ತು ಜನರ ತರಗತಿಗೆ ಅದು ಇಪ್ಪತ್ತು ಗಂಟೆ. ಅದನ್ನು ಅವರ ಬಿಡುವಿನಿಂದ ಕಸಿಯದೆ, ಬೋಧನೆಯ ಗಂಟೆಗಳಲ್ಲೇ ಲೆಕ್ಕ ಹಿಡಿಯಬೇಕು.

ಇದನ್ನೇ ವರ್ಷಾಂತ್ಯದ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಬರೆಯಲು ಹೊರಟಿದ್ದೆ. ಆ ಚೌಕ 500 ಅಕ್ಷರಗಳಿಗೆ ನಿಂತುಬಿಟ್ಟಿತು, ಗೆಳತಿಯ ನಾಲ್ಕು ದಿನಗಳ ವಿಷಯ ಇನ್ನೂ ಬಂದಿರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.