ಕಬ್ಬಿಲ್ಲದ ಊರಿಗೊಂದು ಸಕ್ಕರೆ ಕಾರ್ಖಾನೆ

ಘಾನಾ ದೇಶದ ಕೊಮೆಂಡಾದಲ್ಲಿ ಒಂದು ಸಕ್ಕರೆ ಕಾರ್ಖಾನೆ ಇದೆ. 2016ರ ಮೇ 30ರಂದು ಅಧ್ಯಕ್ಷ ಜಾನ್ ಮಹಾಮಾ ಖುದ್ದಾಗಿ ಬಂದು ಉದ್ಘಾಟಿಸಿದರು. ದಿನಕ್ಕೆ 1,250 ಟನ್ ಕಬ್ಬು ಅರೆಯುವ ಶಕ್ತಿ ಅದಕ್ಕಿದೆ. ಎಲ್ಲಾ ಸರಿ, ಕಬ್ಬು ಮಾತ್ರ ಇರಲಿಲ್ಲ. ಪರೀಕ್ಷೆಗೆಂದು ಒಂದಿಷ್ಟು ಅರೆದು ಯಂತ್ರಗಳು ಸುಮ್ಮನಾದವು.

ಕಟ್ಟಲು ಸಾಲ ಕೊಟ್ಟದ್ದು ನಮ್ಮ ಭಾರತದ ಆಮದು-ರಫ್ತು ಬ್ಯಾಂಕ್ ಆದ ಎಕ್ಸಿಮ್ ಬ್ಯಾಂಕ್, 3.5 ಕೋಟಿ ಡಾಲರ್. ಸಾಲದ ಕಾಗದಗಳ ಜೊತೆ ಮಂಡ್ಯದ ಒಬ್ಬ ರೈತನನ್ನೂ ಕಳಿಸಿದ್ದರೆ ಸಾಕಾಗಿತ್ತು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಲೆಕ್ಕ ಹೇಳುತ್ತಿದ್ದ. ಎಕರೆಗೆ 40 ಟನ್ ಇಳುವರಿ ಅಂದರೂ ಈ ಕಾರ್ಖಾನೆ ದಿನಕ್ಕೆ 30 ಎಕರೆ ಗದ್ದೆ ನುಂಗುತ್ತದೆ. ಕಬ್ಬು ಬೆಳೆಯಲು ವರ್ಷ ಬೇಕು. ಕಡಿದ ಮೇಲೆ ತಡ ಮಾಡಿದರೆ ತೂಕವೂ ಹೋಗುತ್ತದೆ, ಸಿಹಿಯೂ ಹೋಗುತ್ತದೆ. ಆದರೆ ಇಂಥ ರೈತನನ್ನು ತಜ್ಞ ಅಂತ ಯಾರೂ ಕರೆಯುವುದಿಲ್ಲ, ಟೈ ಇರಲ್ಲ ಅಲ್ವಾ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಘಾನಾಕ್ಕೆ ಹೊಸದೇನಲ್ಲ. 1960ರ ದಶಕದಲ್ಲಿ ದೇಶದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಸರ್ಕಾರ ವೆಂಚಿ ಎಂಬ ಊರಿನಲ್ಲಿ ಮಾವು, ಟೊಮೆಟೊ ಡಬ್ಬಿಗೆ ತುಂಬುವ ಕಾರ್ಖಾನೆ ಕಟ್ಟಿತು. ವರ್ಷಕ್ಕೆ 7,000 ಟನ್ ಮಾವು ಬೇಕಿತ್ತು. ಸುತ್ತಮುತ್ತ ಇದ್ದದ್ದು ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಮರ. ಇದನ್ನು ಸರ್ಕಾರದ ವರದಿಯೇ ಬರೆದಿತ್ತು! ಗಿಡ ನೆಟ್ಟರೆ ಹಣ್ಣಿಗೆ ಐದರಿಂದ ಏಳು ವರ್ಷ ಕಾಯಬೇಕು ಅಂತಲೂ ಹೇಳಿತ್ತು. ವರದಿ ಬರೆದವರ ಪ್ರಾಮಾಣಿಕತೆಗೆ ಕೈಮುಗಿಯಬೇಕು. ಅದನ್ನು ಓದಿಯೂ ಮುಂದುವರಿದವರ ಧೈರ್ಯಕ್ಕೆ ಎರಡೂ ಕೈ.

ಚಪ್ಪಲಿ, ಬೂಟಿನ ಯೋಜನೆ ಇದಕ್ಕಿಂತ ಚೆಂದ. ಚರ್ಮ ಸಿಗುವುದು ದೇಶದ ಉತ್ತರದ ಮಾಂಸದ ಕಾರ್ಖಾನೆಯಲ್ಲಿ. ಹದ ಮಾಡುವುದು 500 ಮೈಲಿಗೂ ಆಚೆ, ದಕ್ಷಿಣದಲ್ಲಿ. ಅಲ್ಲಿಂದ 200 ಮೈಲಿ ವಾಪಸ್ ಬಂದು ಕುಮಾಸಿಯಲ್ಲಿ ಬೂಟು ಆಗಬೇಕು. ಕೊಳ್ಳುವವರು ಹೆಚ್ಚಾಗಿ ರಾಜಧಾನಿ ಅಕ್ರಾದವರು, ಆದ್ದರಿಂದ ಮತ್ತೆ 200 ಮೈಲಿ ದಕ್ಷಿಣಕ್ಕೆ. ಯಾರೂ ಕಾಲಿಗೆ ಹಾಕುವ ಮೊದಲೇ ಬೂಟು ಇಡೀ ದೇಶ ಸುತ್ತಿ ಮುಗಿಸಿರುತ್ತಿತ್ತು.

ಅಲ್ಯೂಮಿನಿಯಂ ಕಥೆ ಬೇರೆಯಲ್ಲ. ನೆಲದಲ್ಲಿ ಅಲ್ಯೂಮಿನಿಯಂನ ಅದಿರು ಬಾಕ್ಸೈಟ್ ಇದೆ, ಅದು ಹಡಗು ಹತ್ತಿ ಹೊರಗೆ ಹೋಗುತ್ತದೆ. ಟೆಮಾ ಬಂದರಿನ ಅಲ್ಯೂಮಿನಿಯಂ ಕಾರ್ಖಾನೆಗೆ ಬೇಕಾದ ಅಲ್ಯೂಮಿನಾ, ಅಂದರೆ ಬಾಕ್ಸೈಟ್‌ನಿಂದಲೇ ತೆಗೆಯುವ ಪುಡಿ, ಹೊರದೇಶದಿಂದ ಬಂತು.

ಇದೆಲ್ಲ ದಡ್ಡತನ ಅಂದುಕೊಂಡರೆ ನಾವೇ ದಡ್ಡರು. ಕಾರ್ಖಾನೆಗೆ ರಿಬ್ಬನ್ ಕಟ್ಟಬಹುದು, ಗದ್ದೆಗೆ ಕಟ್ಟಲಾಗದು. ಕಲ್ಲಿನ ಫಲಕದ ಮೇಲೆ ಹೆಸರು ಕೆತ್ತಿಸಬಹುದು, ಕಬ್ಬಿನ ಗರಿಯ ಮೇಲೆ ಆಗದು. ನಾಲೆ ತೋಡಿ, ತಳಿ ಹುಡುಕಿ, ರೈತರಿಗೆ ದುಡ್ಡು ಕೊಟ್ಟು ಬೆಳೆ ತೆಗೆಸುವಷ್ಟರಲ್ಲಿ ಚುನಾವಣೆ ಬಂದಿರುತ್ತದೆ. ಕೊಮೆಂಡಾ ಉದ್ಘಾಟನೆಯಾದದ್ದೂ ಚುನಾವಣೆಯ ವರ್ಷದಲ್ಲೇ. ಡಿಸೆಂಬರ್‌ನಲ್ಲಿ ಮಹಾಮಾ ಸೋತರು. ಗೆದ್ದು ಬಂದವರು ಇದರಿಂದ ಪಾಠ ಕಲಿತು, ಜಿಲ್ಲೆಗೊಂದು ಕಾರ್ಖಾನೆ ಅಂತ ಹೊಸ ಯೋಜನೆ ಘೋಷಿಸಿದರು.

2025ರ ಜನವರಿಯಲ್ಲಿ ಮಹಾಮಾ ಮತ್ತೆ ಅಧ್ಯಕ್ಷರಾಗಿದ್ದಾರೆ. ನನ್ನದೊಂದು ಸಣ್ಣ ಸಲಹೆ. ಈ ಸಲ ಒಂದೊಂದು ಕಬ್ಬಿಗೂ ಬೇರೆ ಬೇರೆ ರಿಬ್ಬನ್ ಕಟ್ಟಿಸಿ, ಒಂದೊಂದಕ್ಕೂ ಒಬ್ಬ ಮಂತ್ರಿಯನ್ನು ಕರೆಸಿ. ಮಂತ್ರಿಗಳು ಸಾಲದಿದ್ದರೆ ಸಂಪುಟ ವಿಸ್ತರಣೆ ಮಾಡಿದರಾಯಿತು.