ಅಥೆನ್ಸಿಗೆ ಬಂದ ಮೀನು

ರಾಸೀನ್ ಬರೆದ ‘ಫೆದ್ರ್’ ನಾಟಕದ (1677) ಕೊನೆಯ ದೃಶ್ಯ. ವಿಷ ಕುಡಿದ ರಾಣಿ ಬಂದು, ಗ್ರೀಕ್ ಪುರಾಣದ ಮಾಟಗಾತಿ ಮಿಡೀಯಾ ಅಥೆನ್ಸಿಗೆ ತಂದಿದ್ದ ವಿಷವನ್ನು ನನ್ನ ನರನಾಡಿಗೆ ಹರಿಸಿಕೊಂಡಿದ್ದೇನೆ ಅನ್ನಬೇಕು. ವಿಷಕ್ಕೆ ಫ್ರೆಂಚಿನಲ್ಲಿ ‘ಪ್ವಾಜ಼ೋಂ’. ಕಲಿಯುವ ಹುಡುಗಿ ಬಾಯಿತಪ್ಪಿ ‘ಪ್ವಾಸೋಂ’ ಅಂದಳೋ, ಮಿಡೀಯಾ ಅಷ್ಟು ದೂರದಿಂದ ಹೊತ್ತು ತಂದದ್ದು ಮೀನು ಅಂತಾಯಿತು. ರಾಣಿ ಮೀನು ತಿಂದು ಸಾಯುತ್ತಾಳೆ.

ಇದೇ ತಪ್ಪು ಪರೀಕ್ಷೆಯಲ್ಲಾದರೆ ಅರ್ಧ ಅಂಕ ಹೋಗುತ್ತದೆ, ಅಷ್ಟೆ. ರಂಗದ ಮೇಲಾದರೆ ಎದುರಿಗೆ ಗಂಡನ ವೇಷದಲ್ಲಿ ನಿಂತವನು ಕಿಸಕ್ಕನೆ ನಗುತ್ತಾನೆ. ಆ ನಗು ಕಿವಿಗೆ ಬಿದ್ದವಳು ಜನ್ಮದಲ್ಲಿ ಇನ್ನೊಮ್ಮೆ ತಪ್ಪುವುದಿಲ್ಲ. ನಾಟಕದ ಮೂಲಕ ಫ್ರೆಂಚ್ ಕಲಿಸುವುದರ ಗುಟ್ಟು ಬಹುಪಾಲು ಇಷ್ಟೇ.

ಎಡವಟ್ಟಿನ ಮೂಲ ಕಾಗುಣಿತದಲ್ಲಿದೆ. ಎರಡು ಸ್ವರಗಳ ನಡುವೆ ಒಂಟಿ ಎಸ್ ಬಂದರೆ ಜ಼, ಜೋಡಿ ಎಸ್ ಬಂದರೆ ಸ. ಮರುಭೂಮಿಯೂ ಊಟದ ಕೊನೆಯ ಸಿಹಿಯೂ ಹೀಗೇ ಒಂದು ಎಸ್ಸಿನಿಂದ ಬೇರೆಯಾಗಿವೆ. ಮದ್ದು ಸುಲಭ: ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್‌ಸ್‌ಸ್’ ಅನ್ನಿ, ಏನೂ ನಡುಗದು. ಬಾಯಿ ಹಾಗೇ ಇಟ್ಟುಕೊಂಡು ಕಿವಿಯ ಹತ್ತಿರದ ಸೊಳ್ಳೆಯಾಗಿ, ಬೆರಳ ಕೆಳಗೆ ಗಂಟಲು ಗುಂಯ್‌ಗುಡಬೇಕು. ಕಲಬುರಗಿ, ಬೀದರ್ ಕಡೆ ಉರ್ದು ಕೇಳುತ್ತ ಬೆಳೆದವರಿಗೆ ಈ ತಾಪತ್ರಯವಿಲ್ಲ, ಉಳಿದವರು ಸೊಳ್ಳೆಯಾಗಲೇಬೇಕು.

ನಿಜವಾದ ಕಾಟ ಕೊಡುವುದು ‘ಯು’ ಅಕ್ಷರ. ಅದು ನಮ್ಮ ಉ ಅಲ್ಲ. ಹಾಸ್ಯನಾಟಕಕಾರ ಮೋಲಿಯೇರ್ 1670ರಲ್ಲೇ ಇದರ ಮೇಲೆ ಒಂದು ಪಾಠ ಆಡಿಸಿದ್ದಾನೆ. ದೊಡ್ಡಮನುಷ್ಯನಾಗುವ ಹಂಬಲದ ಶ್ರೀಮಂತ ಮ್ಯೂಸ್ಯೋ ಜೂರ್ದ್ಯಾಂಗೆ ತತ್ತ್ವಶಾಸ್ತ್ರದ ಮೇಷ್ಟ್ರು ಸ್ವರ ಹೇಳಿಕೊಡುತ್ತಾನೆ: ಯಾರನ್ನಾದರೂ ಮೂತಿ ಚಾಚಿ ಅಣಕಿಸಬೇಕೆಂದರೆ ಈ ಸ್ವರ ನುಡಿದರೆ ಸಾಕು. ತಮಾಷೆಗೆ ಬರೆದದ್ದು, ಆದರೆ ಇದಕ್ಕಿಂತ ಒಳ್ಳೆಯ ಉಚ್ಚಾರಣೆ ಪಾಠ ಇಲ್ಲ. ಕನ್ನಡಿ ಮುಂದೆ ನಿಂತು ‘ಈ’ ಅಂತ ಎಳೆಯಿರಿ. ನಾಲಿಗೆಯ ತುದಿ ಕೆಳಹಲ್ಲಿಗೆ ತಾಗಿರಲಿ. ಸದ್ದು ನಿಲ್ಲಿಸದೆ ತುಟಿಯನ್ನಷ್ಟೇ ಸೀಟಿ ಹೊಡೆಯುವ ಹಾಗೆ ಮುಂದೆ ತನ್ನಿ. ತುಟಿ ಮುಂದೆ ಬಂದ ತಕ್ಷಣ ನಾಲಿಗೆ ಹಳೇ ಚಾಳಿಯಂತೆ ಹಿಂದಕ್ಕೆ ಜಾರುತ್ತದೆ. ಜಾರಿತೋ, ಮತ್ತೆ ನಮ್ಮೂರಿನ ‘ಊ’ನೇ. ಜಾರಿದರೆ ಏನಾಗುತ್ತದೆ? ‘ಮೇಲೆ’ ಅನ್ನುವ ಪದಕ್ಕೂ ‘ಕೆಳಗೆ’ ಅನ್ನುವ ಪದಕ್ಕೂ ಫ್ರೆಂಚಿನಲ್ಲಿ ಇರುವ ವ್ಯತ್ಯಾಸ ಈ ಸ್ವರ ಒಂದೇ. ನಾಯಕ ಪತ್ರವನ್ನು ಮೇಜಿನ ಮೇಲಿಡು ಅನ್ನುತ್ತಾನೆ, ಸೇವಕಿ ಬಗ್ಗಿ ಮೇಜಿನ ಕೆಳಗೆ ತೂರುತ್ತಾಳೆ. ತಪ್ಪು ಅವಳದಲ್ಲ.

ಅದಕ್ಕೇ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವ ಚೀಟಿ ಅಪಾಯಕಾರಿ. ಬಸ್ಸು, ಕಾರು ಅಂದು ಅಭ್ಯಾಸವಾದ ನಾವು ಪದದ ಬಾಲಕ್ಕೆ ಒಂದು ಉಕಾರ ಕಟ್ಟದೆ ಬಿಡುವುದಿಲ್ಲ. ರಾಸೀನನ ಒಂದು ಸಾಲಿಗೆ ಇರುವುದು 12 ಉಚ್ಚಾರದ ತುಣುಕು (ಸಿಲಬಲ್), ಆರರ ನಂತರ ಸಣ್ಣ ತಡೆ. ‘ಆಂದ್ರೊಮಾಕ್’ನ (1667) ಕೊನೆಯಲ್ಲಿ ಹುಚ್ಚು ಹಿಡಿದವನಿಗೆ ಕಾಣುವ ಸೇಡಿನ ದೇವತೆಗಳ ತಲೆಯ ಮೇಲೆ ಹಾವುಗಳು ಬುಸುಗುಡುವ ಸಾಲು ಪ್ರಸಿದ್ಧ, ಐದು ಸಕಾರ ಸೇರಿ ಸಾಲೇ ಬುಸುಗುಡುತ್ತದೆ. ಚೀಟಿ ಹಿಡಿದವನ ಬಾಯಲ್ಲಿ ಆ ಸಾಲಿನ ‘ಪೂರ್’ ಪೂರು ಆಗಿ, ‘ಸ್ಯೂರ್’ ಸೂರು ಆಗಿ, ಕೊನೆಯ ‘ತೆತ್’ ತೆತ್ತು ಆಗಿ ಎಣಿಕೆ 15ಕ್ಕೆ ಏರುತ್ತದೆ. ಹಾವು ಮನೆಯ ಸೂರಿಗೆ ಹತ್ತಿತು ಅನ್ನಬೇಕು.

ಹಾಗಂತ ಕನ್ನಡದ ಬಾಯಿ ದಂಡ ಅಲ್ಲ. ಫ್ರೆಂಚರ ತಕಾರ ದಕಾರ ಹಲ್ಲಿಗೆ ತಾಗುವಂಥವು, ನಮ್ಮ ತ, ದ ಇದ್ದಂತೆ. ಇಂಗ್ಲಿಷ್ ದಾರಿಯಿಂದ ಬಂದವರೇ ಟ, ಡ ಮಾಡಿ ಕೆಡಿಸುವುದು. ನೀನು-ನೀವು ಭೇದವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನು ಸಂಧಿ! ಲೋಪಸಂಧಿ ಧಾರಾಳವಾಗಿದೆ. ಮೌನವಾಗಿದ್ದ ಎಸ್, ಮುಂದೆ ಸ್ವರ ಬಂದ ಕೂಡಲೇ ಜ಼ ಆಗಿ ಎದ್ದು ಕೂರುತ್ತದೆ: ಲೆ, ಆಮಿ ಸೇರಿ ‘ಲೆಜ಼ಾಮಿ’, ಸ್ನೇಹಿತರು. ಕೆಲವು ಎಚ್ ಅಕ್ಷರಗಳ ಮುಂದೆ ಮಾತ್ರ ಪ್ರಕೃತಿಭಾವ, ಸಂಧಿ ಮಾಡುವಂತಿಲ್ಲ. ವೀರರು ಅನ್ನಲು ‘ಲೆ ಏರೊ’. ಉತ್ಸಾಹದಲ್ಲಿ ಸಂಧಿ ಮಾಡಿ ‘ಲೆಜ಼ೇರೊ’ ಅಂದರೆ ಸೊನ್ನೆಗಳು. ಯುದ್ಧ ಗೆದ್ದು ಬಂದ ಸೇನೆಯನ್ನು ಸೊನ್ನೆಗಳೇ ಸ್ವಾಗತ ಎಂದು ಬರಮಾಡಿಕೊಂಡಂತಾಗುತ್ತದೆ.

ಆರಂಭಕ್ಕೆ ರಾಸೀನ್ ಬೇಡ, ಯೊನೆಸ್ಕೊ ಸಾಕು. ಅವನ ‘ಬೋಳುತಲೆಯ ಗಾಯಕಿ’ (1950) ಹುಟ್ಟಿದ್ದೇ ಭಾಷೆ ಕಲಿಸುವ ಪುಸ್ತಕದಿಂದ. ಅವನು ಇಂಗ್ಲಿಷ್ ಕಲಿಯಲು ಕೂತಿದ್ದ. ನಾಟಕದ ಆರಂಭದಲ್ಲಿ ಗಡಿಯಾರ 17 ಸಲ ಹೊಡೆಯುತ್ತದೆ, ಹೆಂಡತಿ ಒಂಬತ್ತಾಯಿತು ಅನ್ನುತ್ತಾಳೆ, ಆಮೇಲೆ ಸೂಪು, ಮೀನು, ಆಲೂಗಡ್ಡೆ ಎಂದು ತಿಂದದ್ದರ ಪಟ್ಟಿ. ವ್ಯಾಕರಣ ಪುಸ್ತಕ ಮೂರು ಪುಟ ತಿನ್ನುವ ಆರ್ಟಿಕಲ್ಲುಗಳು ಒಂದೇ ಊಟದಲ್ಲಿ ಮುಗಿಯುತ್ತವೆ. ಮೀನು ಇಲ್ಲಿ ನಿಜವಾಗಿ ಮೀನೇ, ಸೊಳ್ಳೆಯಾಗಬೇಡಿ. ನಾಟಕಕ್ಕೆ ಆ ಹೆಸರು ಬಂದದ್ದೂ ತಾಲೀಮಿನಲ್ಲಿ ನಟನೊಬ್ಬ ‘ಹೊಂಗೂದಲ ಶಿಕ್ಷಕಿ’ ಅನ್ನುವ ಬದಲು ಬಾಯಿತಪ್ಪಿ ‘ಬೋಳುತಲೆಯ ಗಾಯಕಿ’ ಅಂದದ್ದರಿಂದ. ನಾಟಕದಲ್ಲಿ ಅಂಥ ಗಾಯಕಿ ಬರುವುದೇ ಇಲ್ಲ.

ಮಾತು ಬಾಯಿಪಾಠವಾದ ಮೇಲೆ ಫ್ರೆಂಚ್ ನಟರು ‘ಇತಾಲ್ಯೆನ್’ ಅನ್ನುವ ತಾಲೀಮು ಮಾಡುತ್ತಾರೆ: ಕೂತಲ್ಲೇ, ಅಭಿನಯ, ಭಾವ ಏನೂ ಇಲ್ಲದೆ ಪೂರ್ತಿ ನಾಟಕವನ್ನು ಗಡಗಡ ಹೇಳುವುದು. ಅರ್ಥ ತಿಳಿಯದೆ ಉರು ಹೊಡೆದವನು ಇಲ್ಲಿ ಸಿಕ್ಕಿಬೀಳುತ್ತಾನೆ. ತನ್ನ ಮಾತಿನ ಜೊತೆ ಎದುರಿನವನ ಕೊನೆಯ ಮೂರ್ನಾಲ್ಕು ಪದವನ್ನೂ ಕಲಿತಿರಬೇಕು. ಇಲ್ಲದಿದ್ದರೆ ಅವನು ಒಂದು ಸಾಲು ಹಾರಿಸಿದ ದಿನ, ಗಡಿಯಾರ ಹೊಡೆಯುವ ಮೊದಲೇ ಇವನು ಒಂಬತ್ತಾಯಿತು ಅಂದಿರುತ್ತಾನೆ.

ಪ್ರದರ್ಶನಕ್ಕೆ ಐದು ನಿಮಿಷ ಇರುವಾಗ ಸೈಡ್ ವಿಂಗಿನಲ್ಲಿ ಯಾರೋ ನಗುನಗುತ್ತ ‘ಮೆರ್ದ್!’ ಅನ್ನುತ್ತಾರೆ. ಅದು ಮಲಕ್ಕೆ ಹೇಳುವ ಹೊಲಸು ಪದ. ಬೈದರೆಂದು ಸಿಟ್ಟಾಗಬೇಡಿ, ಅಲ್ಲಿನ ರಂಗದಲ್ಲಿ ಶುಭ ಹಾರೈಸುವ ಕ್ರಮವೇ ಅದು. ‘ಮೆರ್ಸಿ’ ಎಂದು ಥ್ಯಾಂಕ್ಸ್ ಹೇಳಿದರೆ ಅಪಶಕುನವಂತೆ. ತಿರುಗಿ ಅದನ್ನೇ ಅನ್ನಬೇಕೆನಿಸಿದರೆ ಅನ್ನಿ, ಆದರೆ ನಡುವಿನ ರಕಾರ ನಾಲಿಗೆಯಲ್ಲಿ ಬೇಡ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಂತೆ ಬರಲಿ.